ಜನವರಿಯ ನಾಲ್ಕು ಹಾಡು ಮತ್ತು ನನ್ನ ಬಲಗಿವಿ

ನನ್ನ ವಯಸ್ಸಿನವರು ನಾಲ್ಕು ಜನ ಸೇರಿದ ಕಡೆ ಹಾಡಿನ ಮಾತು ಬಂದರೆ ಸಾಕು, ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು "ಏನೇ ಹೇಳಿ, ಹಳೇ ಹಾಡೇ ಹಾಡು" ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಹಳೆಯದನ್ನು ಮೆಚ್ಚಲು ಕಿವಿ ಯಾಕೆ ಬೇಕು, ನೆನಪಿದ್ದರೆ ಸಾಕು. ನಾನು ಹೊಸ ಹಾಡಿನವಳು. ಶುಕ್ರವಾರ ಬಂತೆಂದರೆ ಈ ವಾರ ಏನು ಬಂದಿದೆ ಎಂದು ಫೋನು ನೋಡದೆ ನನಗೆ ಬೆಳಗಿನ ಕಾಫಿ ಇಳಿಯುವುದಿಲ್ಲ. ದೊಡ್ಡ ಸಿನಿಮಾದ್ದೇ ಆಗಬೇಕೆಂದಿಲ್ಲ; ಯಾರೋ ಮೂವರು ಹುಡುಗರು ರೂಮಿನ ಬಾಗಿಲು ಹಾಕಿಕೊಂಡು ಮಾಡಿದ್ದೂ ಆಗುತ್ತದೆ. ಹಲಸೂರಿನ ಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಮನೆಯಲ್ಲಿ ತಮಿಳೋ ಉರ್ದುವೋ ಆಡುವ ಮಕ್ಕಳು ನನ್ನ ಹತ್ತಿರ ವಿಭಕ್ತಿ ಪ್ರತ್ಯಯ ಕಲಿಯುತ್ತಾರೋ ಇಲ್ಲವೋ, ಹೊಸ ಹಾಡು ಯಾವುದು ಬಂತು ಎಂದು ಕೇಳಲು ಮಾತ್ರ ಮರೆಯುವುದಿಲ್ಲ.

ಈ ಹುಚ್ಚಿಗೆ ನನ್ನ ಜೊತೆಗಾತಿ ನನ್ನ ನಾದಿನಿ. ನನಗಿಂತ ತುಂಬಾ ಚಿಕ್ಕವಳು. ಹೊರಮಾವಿನಲ್ಲಿ ನಮ್ಮ ಮನೆಯ ಮಹಡಿಯ ರೂಮಿನಲ್ಲಿ ಇರುತ್ತಾಳೆ, ಊಟ ತಿಂಡಿ ಎಲ್ಲ ನಮ್ಮ ಜೊತೆಗೇ. ಇಂದಿರಾನಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಬಂದವರ ಹೆಸರು ಕೂಗಿ ಒಳಗೆ ಕಳಿಸುವ ಕೆಲಸ. ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಕೆ.ಆರ್. ಪುರಕ್ಕೆ ಬಂದು ಮೆಟ್ರೋ ಹತ್ತುತ್ತೇವೆ. ಅವಳು ಇಂದಿರಾನಗರದಲ್ಲಿ ಇಳಿದರೆ ನಾನು ಮುಂದಿನ ಸ್ಟೇಷನ್ನಿನಲ್ಲಿ.

ನಮ್ಮಿಬ್ಬರಿಗೂ ಸೇರಿ ಇರುವುದು ಒಂದೇ ಇಯರ್‌ಫೋನು, ಅದೂ ವೈರಿನದ್ದು. ನಾನು ಎಡಗಡೆ ಕೂರುತ್ತೇನೆ, ಅವಳು ನನ್ನ ಬಲಗಡೆ. ಒಂದು ತುದಿ ನನ್ನ ಬಲಗಿವಿಗೆ, ಇನ್ನೊಂದು ಅವಳ ಎಡಗಿವಿಗೆ. ಈಗಿನ ಹಾಡುಗಳನ್ನು ಎರಡು ಕಿವಿಗೂ ಹಂಚಿ ಮಾಡಿರುತ್ತಾರೆ. ಕೊಳಲು ಒಂದು ಕಡೆ ಬಂದರೆ ಗಿಟಾರು ಇನ್ನೊಂದು ಕಡೆ. ಹಾಗಾಗಿ ನಮ್ಮಿಬ್ಬರಿಗೂ ಸಿಗುವುದು ಅರ್ಧರ್ಧ ಹಾಡು. ಅದನ್ನೇ ನಾವೊಂದು ಆಟ ಮಾಡಿಕೊಂಡಿದ್ದೆವು. "ನನ್ನ ಕಡೆ ವಯಲಿನ್ ಬಂತು" ಎಂದು ನಾನು, "ನನ್ನ ಕಡೆ ಬರೀ ಡ್ರಮ್ಮು, ಈಗ ಯಾರೋ ಕೆಮ್ಮಿದ್ರು" ಎಂದು ಅವಳು. ಎದುರು ಸೀಟಿನವರು ನಮ್ಮನ್ನು ನೋಡಿ ಮುಖ ತಿರುಗಿಸುತ್ತಿದ್ದರು. ತಿಂಗಳ ಕೊನೆಯ ಶನಿವಾರ ಹಲಸೂರಿನ ಬೇಕರಿಯೊಂದರ ಬೆಂಚಿನ ಮೇಲೆ ಕೂತು ತುದಿಗಳನ್ನು ಅದಲು ಬದಲು ಮಾಡಿಕೊಂಡು, ಅಲ್ಲಿಯವರೆಗೆ ಕೇಳದ ಅರ್ಧವನ್ನು ಕೇಳಿ, ಆ ತಿಂಗಳಿನ ನಾಲ್ಕು ಒಳ್ಳೆಯ ಹಾಡು ಯಾವುವು ಎಂದು ಜಗಳವಾಡಿ ತೀರ್ಮಾನ ಮಾಡುವುದು. ಅದಲು ಬದಲಿಗೆ ಮುಂಚೆ ಕದ್ದು ಪೂರ್ತಿ ಹಾಡು ಕೇಳುವಂತಿಲ್ಲ. ಅವಳು ಕದ್ದು ಕೇಳುತ್ತಿದ್ದಳು ಎಂದು ನನಗೆ ಅನುಮಾನವಿದೆ. ನಾನು ಮಾತ್ರ ಒಂದು ಸಲವೂ ಕೇಳಿದವಳಲ್ಲ.

ಈ ಆಟದಲ್ಲೇ ನನ್ನ ಗ್ರಹಚಾರ ಅಡಗಿತ್ತು ಎಂದು ಯಾರಿಗೆ ಗೊತ್ತಿತ್ತು?

ಜನವರಿಯ ಮೊದಲ ಶುಕ್ರವಾರ ಬಂದದ್ದು ಒಂದು ಮದುವೆ ಹಾಡು. ಸಿನಿಮಾದ್ದು. ಇಂಥ ಹಾಡು ಎಂದರೆ ನನಗೆ ಮೊದಲೇ ಸಿಡುಕು, ಹೂವು ಬಣ್ಣ ಡ್ರೋನು ಎಲ್ಲ ಹಾಕಿ ರಾಗವೊಂದನ್ನು ಮರೆತಿರುತ್ತಾರೆ. ಆದರೆ ಇದರಲ್ಲಿ ಡೋಲು ಜೋರಾಗಿ ಬಡಿಯುತ್ತಾ ಇದ್ದಕ್ಕಿದ್ದಂತೆ ನಿಂತು, ಯಾರೋ ಒಬ್ಬಳು ಗೆಜ್ಜೆ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದ ಸದ್ದು ಮಾತ್ರ ಉಳಿಯುತ್ತದೆ. ಆ ಗೆಜ್ಜೆ ಪೂರ್ತಿ ನನ್ನ ಕಡೆಯೇ ಇತ್ತು. ನಾದಿನಿಗೆ ಒಂದು ಹನಿಯೂ ಸಿಕ್ಕಿರಲಿಲ್ಲ. ಬೆನ್ನಿಗಾನಹಳ್ಳಿ ದಾಟುವವರೆಗೂ ನಾನು ಅದನ್ನೇ ಹೇಳಿ ಹೇಳಿ ಅವಳ ಹೊಟ್ಟೆ ಉರಿಸಿದೆ.

ಎರಡನೆಯದು ಕಲಬುರಗಿ ಕಡೆಯ ಹುಡುಗರದ್ದು. ಗರುಡಾಚಾರ್‌ಪಾಳ್ಯದಲ್ಲಿ ರೂಮು ಮಾಡಿಕೊಂಡು ಫ್ಯಾಕ್ಟರಿಗೆ ಹೋಗುವವರಂತೆ, ನನ್ನ ಗಂಡ ಹೇಳಿದ್ದು; ಅವನೂ ಅಲ್ಲೇ ಒಂದು ಯೂನಿಟ್ಟಿನಲ್ಲಿ ಲೇತ್ ಯಂತ್ರ ನಡೆಸುತ್ತಾನೆ, ಅವರಲ್ಲೊಬ್ಬ ಅವನಿಗೆ ಗೊತ್ತು. ಹಲಗೆ ಬಡಿತ ಒಂದು, ಗಂಟಲು ಒಂದು, ಶುರುವಿಗೆ ಒಂದು ಉದ್ದನೆಯ ಶಿಳ್ಳೆ. ಅಷ್ಟೇ. ಶಿಫ್ಟು ಮುಗಿಸಿ ಬಂದವನು ತಟ್ಟೆಯಲ್ಲಿ ರೊಟ್ಟಿ ಇಲ್ಲದ್ದಕ್ಕೆ ಅನ್ನದ ಮೇಲೆ ಸಿಟ್ಟು ಮಾಡುವ ಹಾಡು. ನಕ್ಕು ನಕ್ಕು ಸಾಕಾಗಿ ಕೊನೆಗೆ ಅಳು ಬರುವ ಹಾಗಿತ್ತು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಬೆರೆಸುತ್ತಾ ಆ ಶಿಳ್ಳೆಯನ್ನು ಹಾಗೆ ಹಾಗೆಯೇ ಹೊಡೆದೆ. "ಹಬ್ಬದ ದಿನ ಹೆಂಗಸ್ರು ಶಿಳ್ಳೆ ಹೊಡೀತಾರೇನೇ" ಎಂದು ನನ್ನ ಗಂಡ ಕೂಗಿದ. ಕೂಗಿದ ಎಂದರೆ ಸಿಟ್ಟಲ್ಲ. ಯಂತ್ರದ ಪಕ್ಕ ನಿಂತು ನಿಂತು ಅವನು ಉಪ್ಪು ಕೇಳಿದರೂ ಬೀದಿಗೆ ಕೇಳಿಸುತ್ತದೆ.

ಮೂರನೆಯದು ಬಂದಾಗ ನನಗೆ ನೆಗಡಿಯಾಗಿತ್ತು. ಬಲಗಿವಿ ಕಟ್ಟಿದ ಹಾಗೆ, ಒಳಗೆ ಗುಂಯ್ ಎಂದು ಯಾರೋ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುವುತ್ತಿರುವ ಹಾಗೆ. ತಲೆಗೆ ಹಾಕಿಕೊಂಡ ನೀರು ಕಿವಿಯೊಳಗೆ ಹೋಗಿರಬೇಕು ಎಂದುಕೊಂಡೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ತೊಟ್ಟು ಬಿಟ್ಟುಕೊಂಡೆ, ಹತ್ತಿ ಇಟ್ಟೆ, ಮರೆತೆ. ಹಾಡು ಒಂದು ಜೋಗುಳ. ಹೊಸ ಹುಡುಗಿ ಹಾಡಿದ್ದು. ನಾದಿನಿಗೆ ಕೇಳಿದ ತಕ್ಷಣ ಕಣ್ಣು ತುಂಬಿತು. ನನಗೆ ರೇಗಿಹೋಯಿತು.

"ಇವಳಿಗೆ ಹಲ್ಲಿಲ್ವಾ? ಸ ಇಲ್ಲ, ಶ ಇಲ್ಲ, ಎಲ್ಲ ನುಂಗ್ತಾಳೆ" ಎಂದೆ.

"ನನ್ನ ಕಡೆ ಸರಿಯಾಗೇ ಕೇಳ್ಸ್ತಿದೆ ಅತ್ತಿಗೆ. ಎರಡ್ನೇ ಚರಣದಲ್ಲಿ ಮಗು ಕಾಲ್ಗೆಜ್ಜೆ ಬೇರೆ ಬರುತ್ತೆ, ಎಷ್ಟ್ ಚೆನ್ನಾಗಿದೆ!"

"ಎಲ್ಲ ನಿನ್ನ ಕಡೆಗೇ ಸುರ್ದಿದಾರೆ ಬಿಡು. ನನ್ನ ಕಡೆ ಬರೀ ಹತ್ತಿ ತುಂಬಿದಾರೆ."

ಹೀಗೆ ಹೇಳಿದ್ದು ನಾನೇ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಓಡಾಡಿದವಳು, ಹಾಡಿನಲ್ಲಿ ಹತ್ತಿ ತುಂಬಿದ್ದಾರೆ ಎಂದೆ. ಬೇರೆ ಯಾರಾದರೂ ಆಗಿದ್ದರೆ ಹಾಡು ಅರ್ಧ ಕೇಳಿದ ಕೂಡಲೇ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಮಗೆ ಅರ್ಧ ಕೇಳುವುದೇ ಅಭ್ಯಾಸವಾಗಿತ್ತು. ಇಲ್ಲದ್ದೆಲ್ಲ ಅವಳ ಕಡೆ ಇದೆ ಎಂದು ನಾನು ನಂಬಿದೆ. ಗಣರಾಜ್ಯೋತ್ಸವದ ದಿನ ಶಾಲೆಯಲ್ಲಿ ಮಕ್ಕಳು ಹಾಡುವಾಗ ನನ್ನ ಬಲಗಡೆಯ ಸ್ಪೀಕರಿನಲ್ಲಿ ಒಂದು ಅಕ್ಷರವೂ ಸ್ಪಷ್ಟವಿಲ್ಲ ಎಂದು ಮೈಕಿನವನಿಗೆ ಚೆನ್ನಾಗಿ ಬೈದೆ. ಅವನು ಗುಂಡಿಗಳನ್ನೆಲ್ಲ ತಿರುಗಿಸಿ ಕೊನೆಗೆ ಹೆಡ್‌ಮೇಡಂ ಮುಖ ನೋಡಿದ. ಅವರು ಕಿವಿ ಮುಚ್ಚಿಕೊಂಡಿದ್ದರು.

ನಾಲ್ಕನೆಯ ಹಾಡು ಶಿವಾಜಿನಗರದ ಒಬ್ಬ ಹುಡುಗಿಯದು. ದಖ್ಖನಿ ಉರ್ದುವಿನಲ್ಲಿ ಹಾಡಿದ್ದು. ಮಾರುಕಟ್ಟೆ ಮುಚ್ಚಿದ ಮೇಲಿನ ಬೀದಿಯ ಬಗ್ಗೆ ಇರಬೇಕು, ಪೂರ್ತಿ ಅರ್ಥವಾಗಲಿಲ್ಲ. ದಪ್ಪ ತಂತಿಯ ಗಿಟಾರು ಒಂದೇ, ಹುಡುಗಿಯ ಕಂಠವೂ ನೆಲಮಾಳಿಗೆಯಿಂದ ಬಂದ ಹಾಗೆ ಕೆಳಗೆ. ನನಗೆ ಹುಚ್ಚು ಹಿಡಿಯಿತು. ಈ ತಿಂಗಳಿನ ಮೊದಲನೇ ಸ್ಥಾನ ಇದಕ್ಕೇ, ಬೇರೆ ಮಾತೇ ಇಲ್ಲ ಎಂದು ಸಾರಿದೆ. ಈಗ ಯೋಚಿಸಿದರೆ, ಆ ಹಾಡಿನಲ್ಲಿ ನನ್ನ ಕಿವಿಗೆ ತಪ್ಪಿಹೋಗುವಂಥ ತೆಳು ಸದ್ದು ಒಂದೂ ಇರಲಿಲ್ಲ.

ತಿಂಗಳ ಕೊನೆಯ ಶನಿವಾರ ಬೇಕರಿಯ ಬೆಂಚಿನ ಮೇಲೆ ಕೂತೆವು. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ದಿಲ್‌ಪಸಂದ್ ಅವಳಿಗೆ, ಖಾರದ ಬನ್ನು ನನಗೆ. ಜೋಗುಳವನ್ನು ಪಟ್ಟಿಗೆ ಸೇರಿಸಲೇಬೇಕೆಂದು ಅವಳ ಹಟ. "ನನ್ನ ಕಡೇದು ಹಾಕ್ಕೊಳ್ಳಿ, ಆಮೇಲೆ ಹೇಳಿ" ಎಂದು ತನ್ನ ತುದಿಯನ್ನು ನನಗೆ ಕೊಟ್ಟು ನನ್ನದನ್ನು ತಾನು ಸಿಕ್ಕಿಸಿಕೊಂಡಳು. ಅಭ್ಯಾಸದಂತೆ ಅದನ್ನೂ ಬಲಗಿವಿಗೇ ಇಟ್ಟುಕೊಂಡೆ. ಹಾಡು ಶುರುವಾಯಿತು. ಹುಡುಗಿಗೆ ಈಗಲೂ ಹಲ್ಲಿರಲಿಲ್ಲ. ಎರಡನೆಯ ಚರಣ ಬಂತು, ಹೋಯಿತು.

"ಎಲ್ಲೇ ನಿನ್ನ ಗೆಜ್ಜೆ?" ಎಂದೆ.

ಅವಳು ಹಾಡನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

"ಅತ್ತಿಗೆ, ನೀವು ತಿಂಗಳೆಲ್ಲ ಹಾಕ್ಕೊಂಡಿದ್ರಲ್ಲ, ಈ ಕಡೆ... ಇದ್ರಲ್ಲೂ ಗೆಜ್ಜೆ ಇದೆ."

"ಸುಳ್ಳು ಹೇಳ್ಬೇಡ."

"ನಿಮ್ಮಾಣೆ. ಎರಡೂ ಕಡೆ ಇದೆ." ನನ್ನ ಎಡಗಿವಿ ತೋರಿಸಿ, "ಇನ್ನೊಂದ್ ಕಿವಿಗೆ ಹಾಕ್ಕೊಳ್ಳಿ" ಎಂದಳು.

ಯಾಕೋ ಕೈ ಏಳಲಿಲ್ಲ. ಅವಳೇ ನನ್ನ ಬಲಗಿವಿಯಿಂದ ತೆಗೆದು ಎಡಗಿವಿಗೆ ಇಟ್ಟಳು. ಹುಡುಗಿ ಸ ಎಂದಳು, ಶ ಎಂದಳು, ಉಸಿರೆಳೆದುಕೊಂಡಳು. ಆಮೇಲೆ ಎಲ್ಲೋ ಒಂದು ಮಗು ಎದ್ದು ನಿಂತು, ಬಿದ್ದು, ಮತ್ತೆ ಎದ್ದು ನಡೆದ ಹಾಗೆ ಗೆಜ್ಜೆ ಬಂತು. ತುಂಬಾ ಚೆನ್ನಾಗಿತ್ತು. ಮತ್ತೆ ಬಲಕ್ಕೆ ಇಟ್ಟೆ, ಮಗು ಇಲ್ಲ. ಎಡಕ್ಕೆ, ಇದೆ. ಬಲಕ್ಕೆ, ಇಲ್ಲ. ಬನ್ನು ಕೈಯಲ್ಲೇ ಇತ್ತು. ನಾದಿನಿ ಅದನ್ನು ತೆಗೆದು ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡಳು. ನನಗೆ ಭಯವಾಗಿತ್ತು. ಸಾಯುತ್ತೇನೆ ಎನ್ನುವ ಭಯಕ್ಕಿಂತ ಅದು ಹೆಚ್ಚೇ ಇತ್ತು.

ಸೋಮವಾರ ಇಬ್ಬರೂ ರಜೆ ಹಾಕಿ ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ದೀಪ ಹಾಕಿ ಕಿವಿಯೊಳಗೆ ನೋಡಿ, ಮೇಣ ಇಲ್ಲ, ಪರದೆ ಸರಿಯಾಗಿದೆ ಎಂದರು. ನನಗೆ ಜೀವ ಬಂದ ಹಾಗಾಯಿತು. ಮೇಣ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಗೊತ್ತಾದದ್ದು. ಶ್ರವಣ ಪರೀಕ್ಷೆಗೆ ಕಳಿಸಿದರು.

ಅದೊಂದು ಪುಟ್ಟ ಕೋಣೆ, ಗೋಡೆಗೆಲ್ಲ ಮೆತ್ತೆ. ಗಾಜಿನ ಆಚೆ ಪರೀಕ್ಷೆ ಮಾಡುವ ಯುವಕ. ನನ್ನ ತಲೆಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ಗುಂಡಿ ಕೊಟ್ಟ. "ಕುಯ್ ಅಂತ ಸೌಂಡ್ ಬಂದ್ರೆ ಒತ್ತಿ ಮೇಡಂ. ಎಷ್ಟೇ ಸಣ್ಣಗಿದ್ರೂ ಒತ್ತಿ." ಮೊದಲು ಎಡಗಿವಿ. ಸದ್ದು ಬಂತು, ಒತ್ತಿದೆ. ಇನ್ನೂ ಸಣ್ಣದಾಯಿತು, ಒತ್ತಿದೆ. ಸ್ವಲ್ಪ ಹೊತ್ತಿಗೆಲ್ಲ ಆ ಹುಡುಗನ ನಡೆ ನನಗೆ ಸಿಕ್ಕಿಬಿಟ್ಟಿತು. ನಾಲ್ಕು ಎಣಿಸುವಷ್ಟು ಬಿಟ್ಟು ಕೊಡುತ್ತಾನೆ. ಮಧ್ಯೆ ಒಂದು ಸಲ ಎರಡಕ್ಕೇ ಕೊಡುತ್ತಾನೆ, ಮತ್ತೆ ನಾಲ್ಕು. ತಾಳ ಗೊತ್ತಾದ ಮೇಲೆ ನನ್ನ ಕಾಲು ತಾನೇ ಆಡತೊಡಗಿತು.

ಬಲಗಿವಿ ಶುರುವಾಯಿತು. ದಪ್ಪ ಸದ್ದುಗಳು ಬಂದವು, ಖುಷಿಯಾಗಿ ಒತ್ತಿದೆ. ಸದ್ದು ತೆಳುವಾಗುತ್ತಾ ಮೇಲಕ್ಕೆ ಹೋಯಿತು. ಆಮೇಲೆ ನಿಂತೇ ಹೋಯಿತು. ನಾಲ್ಕು ಎಣಿಸಿದೆ, ಏನೂ ಇಲ್ಲ. ಗಾಜಿನಾಚೆ ಹುಡುಗನ ಕೈ ಮಾತ್ರ ಆಡುತ್ತಿತ್ತು. ನಾನು ಪರೀಕ್ಷೆಯಲ್ಲಿ ಫೇಲಾದವಳಲ್ಲ. ಒಂದು, ಎರಡು, ಮೂರು, ನಾಲ್ಕು. ಒತ್ತಿದೆ. ಮತ್ತೆ ನಾಲ್ಕು. ಒತ್ತಿದೆ. ಮೋಸ ಮಾಡುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ ಎಂದರೆ ನಂಬಬೇಕು. ತಾಳ ನಡೆಯುತ್ತಿದೆ ಎಂದ ಮೇಲೆ ಸದ್ದೂ ಇರಲೇಬೇಕು, ಇದ್ದೇ ಇದೆ, ನನಗೆ ಸ್ವಲ್ಪ ಸಣ್ಣಗೆ ಕೇಳಿಸುತ್ತಿದೆ, ಅಷ್ಟೇ ಎಂದು ನನ್ನನ್ನು ನಾನು ಒಪ್ಪಿಸಿಬಿಟ್ಟಿದ್ದೆ.

ಬಾಗಿಲು ತೆರೆಯಿತು. ಹುಡುಗ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಮೇಡಂ, ಕೊನೇಲಿ ನಾನು ಸೌಂಡೇ ಕೊಟ್ಟಿಲ್ಲ. ನೀವು ಒತ್ತಾ ಇದೀರ."

ನನ್ನ ಕಿವಿ ಎರಡೂ ಬಿಸಿಯಾದವು. "ಬಂದ ಹಾಗಾಯ್ತು" ಎಂದೆ.

"ಇನ್ನೊಂದ್ಸಲ ಮಾಡೋಣ. ಕೇಳ್ಸಿದ್ರೆ ಮಾತ್ರ ಒತ್ತಿ."

"ಕೇಳಿಸದಿದ್ರೆ?"

"ಸುಮ್ನೆ ಕೂತ್ಕೊಳ್ಳಿ ಮೇಡಂ."

ಸುಮ್ಮನೆ ಕೂರುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಹೆಬ್ಬೆರಳನ್ನು ಗುಂಡಿಯಿಂದ ದೂರ ಇಟ್ಟುಕೊಂಡೆ. ತಲೆಯೊಳಗೆ ಎಣಿಕೆ ತಾನಾಗಿ ನಡೆಯುತ್ತಿತ್ತು, ನಿಲ್ಲಿಸಲು ಮಗ್ಗಿ ಹೇಳಿಕೊಂಡೆ. ಗಾಜಿನಾಚೆ ಅವನ ಕೈ ಆಡುತ್ತಲೇ ಇತ್ತು. ನನಗೆ ಬಂದದ್ದು ಗುಂಯ್ ಎನ್ನುವ ಆ ಮಿಕ್ಸಿ ಸದ್ದು ಒಂದೇ. ಹೊರಗೆ ಬಂದಾಗ ಅವನು ಕಾಗದ ತೋರಿಸಿದ. ಎಡಗಿವಿಯ ಗೆರೆ ಮೇಲೆ ನೆಟ್ಟಗೆ ಹೋಗಿತ್ತು. ಬಲಗಿವಿಯದು ಅರ್ಧದವರೆಗೆ ಅದರ ಜೊತೆಗೇ ಬಂದು, ಆಮೇಲೆ ಧೊಪ್ಪನೆ ಕೆಳಗೆ ಬಿದ್ದಿತ್ತು.

ಡಾಕ್ಟರಮ್ಮ ಕಾಗದ ನೋಡಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಇದು ನರದ್ದು, ಕೆಲವರಿಗೆ ಹೀಗೆ ಇದ್ದಕ್ಕಿದ್ದಂತೆ ಆಗುತ್ತದೆ, ಕಾರಣ ಎಷ್ಟೋ ಸಲ ಗೊತ್ತಾಗುವುದಿಲ್ಲ ಎಂದರು. ಸ್ಟಿರಾಯ್ಡ್ ಮಾತ್ರೆ ಇದೆ. ಬೇಗ ಶುರು ಮಾಡಿದರೆ ಕೆಲವರಿಗೆ ವಾಪಸ್ಸು ಬರುತ್ತದೆ.

"ಎರಡು ವಾರದೊಳಗಾದ್ರೆ ಆಸೆ ಇದೆ. ತಿಂಗಳಾಗಿದ್ರೆ ಕಷ್ಟ. ನಿಮಗೆ ಶುಗರ್ ಬೇರೆ ಇದೆ, ಈ ಮಾತ್ರೆ ತಗೊಂಡ್ರೆ ಸಿಕ್ಕಾಪಟ್ಟೆ ಏರುತ್ತೆ. ತಿಂಗಳಾಗಿದ್ರೆ ಸುಮ್ನೆ ಆ ರಿಸ್ಕ್ ತಗೊಳ್ಳೋಕೆ ನನಗೆ ಇಷ್ಟ ಇಲ್ಲ. ಯಾವಾಗ ಶುರುವಾಯ್ತು, ಸರಿಯಾಗಿ ಹೇಳಿ."

ಹೋದ ವಾರ ಎನ್ನಲು ಬಾಯಿ ತೆರೆದಿದ್ದೆ. ಅಷ್ಟು ಹೇಳಿದರೆ ಸಾಕಿತ್ತು, ಮಾತ್ರೆ ಕೈಗೆ ಬರುತ್ತಿತ್ತು. ನಾದಿನಿ ನನ್ನ ಮೊಣಕೈ ಹಿಡಿದಳು. "ತಡೀರಿ ಅತ್ತಿಗೆ. ಸುಮ್ನೆ ಏನೋ ಹೇಳ್ಬೇಡಿ."

"ನನಗೇನು ಗೊತ್ತೇ? ಹೊಡೆತ ಬಿದ್ದಿದ್ರೆ ಗೊತ್ತಾಗೋದು."

"ಮದುವೆ ಹಾಡಲ್ಲಿ ಗೆಜ್ಜೆ ಬಂತು ಅಂತ ನನ್ ತಲೆ ತಿಂದಿದ್ರಲ್ಲ. ಆಗ ಸರಿ ಇತ್ತು."

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. "ಯಾವ ಮದುವೆ?"

"ಮದುವೆ ಅಲ್ಲ ಮೇಡಂ, ಹಾಡು. ತಿಂಗಳ ಮೊದಲ್ನೇ ವಾರ" ಎಂದು ಅವಳು ಹೇಳಿ ನನ್ನ ಕಡೆ ತಿರುಗಿದಳು. "ಆಮೇಲೆ ರೊಟ್ಟಿ ಹಾಡು. ಅದ್ರಲ್ಲಿ ಏನಿತ್ತು?"

"ಹಲಗೆ. ಹಲಗೆ ಈಗ್ಲೂ ಕೇಳ್ಸುತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ."

"ಶಿಳ್ಳೆ! ಶಿಳ್ಳೆ ಇತ್ತಲ್ಲ ಅತ್ತಿಗೆ. ನನ್ನ ಕಡೆ ಇರ್ಲೇ ಇಲ್ಲ ಅದು. ನಿಮ್ಮಿಂದಾನೇ ನನಗೆ ಗೊತ್ತಾಗಿದ್ದು."

ನೆನಪಾಯಿತು. ಎಳ್ಳು ಬೆಲ್ಲದ ತಟ್ಟೆ, ಗಂಡನ ಕೂಗು. ಕೇಳದೆ ಇದ್ದಿದ್ದರೆ ಆ ಶಿಳ್ಳೆಯನ್ನು ಹಾಗೇ ಹೊಡೆಯಲು ಆಗುತ್ತಿರಲಿಲ್ಲ. "ಸಂಕ್ರಾಂತಿವರೆಗೂ ಸರಿ ಇತ್ತು ಡಾಕ್ಟ್ರೇ" ಎಂದೆ.

"ಜೋಗುಳ ಬಂದಿದ್ದು ಅದ್ರ ಮುಂದಿನ ಶುಕ್ರವಾರ. ಆಗ ಹೋಗಿತ್ತು" ಎಂದಳು ನಾದಿನಿ.

ಡಾಕ್ಟರಮ್ಮ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಬೆರಳಿನಲ್ಲಿ ಎಣಿಸಿದರು. ಒಂದು ಸಲ ಎಣಿಸಿ, ಮತ್ತೆ ಹಿಂದಿನಿಂದ ಎಣಿಸಿದರು. "ಸರಿಯಾಗಿ ಎರಡು ವಾರದ ಗೆರೆ ಮೇಲಿದೀರ" ಎಂದರು. ಸ್ವಲ್ಪ ಹೊತ್ತು ಪೆನ್ನು ಕೆನ್ನೆಗೆ ಒತ್ತಿಕೊಂಡು ಕೂತರು. "ಕೊಡ್ತೀನಿ. ಆದ್ರೆ ದಿನಾ ಶುಗರ್ ನೋಡಿ ನನಗೆ ತಿಳಿಸ್ಬೇಕು. ಜಾಸ್ತಿ ಏರಿದ್ರೆ ನಿಲ್ಲಿಸ್ಬಿಡ್ತೀನಿ. ಗ್ಯಾರಂಟಿ ಏನೂ ಇಲ್ಲ ಮತ್ತೆ."

ಆ ಮಾತ್ರೆಯ ದಿನಗಳನ್ನು ನೆನೆದರೆ ನನ್ನ ಮನೆಯವರ ಮೇಲೆ ಕನಿಕರವಾಗುತ್ತದೆ. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವುದು. ಮಾತ್ರೆ ಒಳಗೆ ಹೋದ ಮೇಲೆ ಮೂಗೇ ಬೇಕಾಗಲಿಲ್ಲ. ನಿದ್ದೆ ಇಲ್ಲ. ಹಸಿವು ಎಂದರೆ ಹಸಿವು, ಆದರೆ ತಿನ್ನುವಂತಿಲ್ಲ. ಬೆಳಿಗ್ಗೆ ಸಂಜೆ ಬೆರಳು ಚುಚ್ಚಿಕೊಂಡು ಮಿಷನ್ನಿನ ಅಂಕಿ ನೋಡುವಾಗ ಮೂವರೂ ಮೇಜಿನ ಸುತ್ತ ನಿಲ್ಲುತ್ತಿದ್ದೆವು. ಅಂಕಿ ಏರಿತು. ಡಾಕ್ಟರಮ್ಮ ಸಕ್ಕರೆಯ ಮಾತ್ರೆ ಹೆಚ್ಚಿಸಿದರು. ಮತ್ತೆ ಏರಿತು. ಇನ್ನೊಂದು ಮೆಟ್ಟಿಲು ಏರಿದರೆ ನಿಲ್ಲಿಸುವುದೇ ಎಂದರು. ಅನ್ನ ಪೂರ್ತಿ ಬಿಟ್ಟೆ, ಹೊರಮಾವಿನ ರಸ್ತೆಯಲ್ಲಿ ಟಿಪ್ಪರುಗಳ ಧೂಳು ಕುಡಿಯುತ್ತಾ ಬೆಳಿಗ್ಗೆ ಸಂಜೆ ನಡೆದೆ. ನನ್ನ ಗಂಡ ಪಾಪ, ಡಾಕ್ಟರು ಗದ್ದಲ ಬೇಡ ಎಂದಿದ್ದಾರೆ ಎಂದು ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಲು ಹೊರಟ. ಅವನು ಏನು ಹೇಳುತ್ತಿದ್ದಾನೆ ಎಂದು ನನಗೆ ಕೇಳಿಸಲಿಲ್ಲ. ಅವನಿಗೇ ಕೇಳಿಸಿತೋ ಇಲ್ಲವೋ. "ಜೋರಾಗಿ ಹೇಳೋ ಮಾರಾಯ" ಎಂದು ನಾನು ಅತ್ತುಬಿಟ್ಟೆ.

ಶುಕ್ರವಾರ ಬಂತು. ಹೊಸ ಹಾಡುಗಳು ಬಂದಿರಬೇಕು. ನಾನು ಫೋನು ಮುಟ್ಟಲಿಲ್ಲ. ಮೆಟ್ರೋದಲ್ಲಿ ನಾದಿನಿಯೂ ಇಯರ್‌ಫೋನು ತೆಗೆಯಲಿಲ್ಲ. ಇಬ್ಬರೂ ಕಿಟಕಿಯ ಕಡೆ ನೋಡುತ್ತಾ ಹೋದೆವು. ಶಾಲೆಯಲ್ಲಿ ಒಬ್ಬಳು ಹುಡುಗಿ, "ಮಿಸ್, ಈ ವಾರ ಯಾವ ಹಾಡು?" ಎಂದಳು. ಮೊದಲು ಸಂಧಿ ಬರೆಯಿರಿ ಎಂದು ಬೋರ್ಡಿನ ಕಡೆ ತಿರುಗಿಕೊಂಡೆ. ಹಳೇ ಹಾಡೇ ಹಾಡು ಎನ್ನುವವರ ಸಾಲಿನಲ್ಲಿ ನಾನೂ ಹೋಗಿ ನಿಲ್ಲಬೇಕಾಗುತ್ತದೆ ಎನ್ನುವುದೇ ನನ್ನ ಸಂಕಟವಾಗಿತ್ತು. ಕೇಳಿದ್ದನ್ನೇ ನೆನಪಿನಿಂದ ತುಂಬಿಕೊಂಡು ಕೇಳುವುದು, ಹೊಸದಕ್ಕೆ ಕಿವಿ ಇಲ್ಲದೆ ಅದನ್ನು ಬೈಯುವುದು. ಜೋಗುಳದ ಹುಡುಗಿಗೆ ನಾನು ಮಾಡಿದ್ದು ಅದನ್ನೇ ಅಲ್ಲವೇ?

ಮಾತ್ರೆ ಮುಗಿಯಿತು, ಸಕ್ಕರೆ ಆ ಕೊನೆಯ ಮೆಟ್ಟಿಲು ಹತ್ತಲಿಲ್ಲ. ಎರಡನೆಯ ಪರೀಕ್ಷೆಗೆ ಮತ್ತೆ ಅದೇ ಕೋಣೆ, ಅದೇ ಯುವಕ. ಈ ಸಲ ಕಣ್ಣು ಮುಚ್ಚಿಕೊಂಡೆ, ಅವನ ಕೈ ಕಾಣಬಾರದೆಂದು. ಕೆಳಗಿನ ಸದ್ದುಗಳು ಬಂದವು. ಅದರ ಮೇಲಿನವು ಬಂದವು. ಮೊದಲ ಸಲ ನಿಂತುಹೋದ ಜಾಗ ಬಂತು ಎಂದು ಗೊತ್ತಾಯಿತು. ಅಲ್ಲಿ ಒಂದು ಸದ್ದು, ತುಂಬಾ ಸಣ್ಣದು, ದೂರದಲ್ಲಿ ಯಾರೋ ಕುಕ್ಕರು ಇಳಿಸಿದ ಮೇಲೆ ಉಳಿದ ಸೀಟಿಯಂಥದ್ದು. ಇದೆಯೋ, ನಾನೇ ಮಾಡಿಕೊಂಡೆನೋ? ಒತ್ತಲಿಲ್ಲ. ಮತ್ತೆ ಬಂತು. ಆಗ ಒತ್ತಿದೆ. ಇನ್ನೊಂದು ಬಂತು, ಅದರ ಮೇಲಿನದು ಇನ್ನೂ ಒಂದು. ಆಮೇಲೆ ಏನೂ ಬರಲಿಲ್ಲ. ತುಂಬಾ ಹೊತ್ತು ಏನೂ ಬರಲಿಲ್ಲ. ನಾನು ಗುಂಡಿಯನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತೆ.

"ಮಧ್ಯದ್ದು ವಾಪಸ್ ಬಂದಿದೆ ಮೇಡಂ" ಎಂದ ಹುಡುಗ, ಬಾಗಿಲು ತೆರೆದು. ಮೇಲಿನದರ ಬಗ್ಗೆ ಮಾತಾಡಲಿಲ್ಲ. ಅದನ್ನು ಡಾಕ್ಟರಮ್ಮ ಹೇಳಿದರು. ಇಷ್ಟು ಬಂದದ್ದೇ ಒಳ್ಳೆಯದು, ಮಾತು ಕೇಳುವುದಕ್ಕೆ ತೊಂದರೆ ಇಲ್ಲ, ಉಳಿದದ್ದು ಇನ್ನು ಬರುವುದು ಕಷ್ಟ. ಉಳಿದದ್ದು ಎಂದರೆ ಏನೇನು ಎಂದು ಕೇಳಿದೆ. ಸಣ್ಣ ಗಂಟೆ, ಕೆಲವು ಹಕ್ಕಿ, ಎಣ್ಣೆಯಲ್ಲಿ ಸಾಸಿವೆ ಸಿಡಿಯುವುದರ ಒಂದು ಭಾಗ ಎಂದರು. ಎಡಗಿವಿಗೆ ಎಲ್ಲ ಕೇಳುತ್ತದಲ್ಲ ಎಂದು ಸಮಾಧಾನ ಹೇಳಿದರು. ಒಳ್ಳೆಯ ಡಾಕ್ಟರು. ನಾನು ಕೈ ಮುಗಿದು ಎದ್ದು ಬಂದೆ.

ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಹೊರಮಾವಿನ ಬಸ್ಸು ಖಾಲಿ ನಿಂತಿತ್ತು. ಡ್ರೈವರು ಟೀ ಕುಡಿಯಲು ಹೋಗಿದ್ದ. ನಾನು ಕಿಟಕಿ ಪಕ್ಕ ಕೂತೆ. ನಾದಿನಿ ಬ್ಯಾಗಿನಿಂದ ಇಯರ್‌ಫೋನು ತೆಗೆದಳು. ಅವಳ ಕಣ್ಣು ಕೆಂಪಾಗಿತ್ತು.

"ಹೋದ ಶುಕ್ರವಾರ ಒಂದು ಬಂದಿದೆ. ನಾನೂ ಕೇಳಿಲ್ಲ ಇನ್ನೂ. ಎಡಗಡೆ ಹಾಕ್ಕೊಳ್ತೀರಾ?"

"ಬಲಕ್ಕೇ ಕೊಡು."

"ಅತ್ತಿಗೆ..."

"ಕೊಡು ಅಂದ್ನಲ್ಲ."

ಹಾಡು ಶುರುವಾಯಿತು. ತಬಲ, ಮಧ್ಯವಯಸ್ಸಿನ ಗಂಡಸೊಬ್ಬನ ದನಿ, ಹಾರ್ಮೋನಿಯಂ. ಸ ಅರ್ಧ ಬಂತು. ಶ ಹೆಚ್ಚು ಕಡಿಮೆ ಪೂರ್ತಿ ಬಂತು. ಹಾಡು ಚೆನ್ನಾಗಿತ್ತು, ಯಾರು ಏನೇ ಹೇಳಲಿ ಚೆನ್ನಾಗಿತ್ತು. ಪಲ್ಲವಿ ಮುಗಿದ ಮೇಲೆ ನಾದಿನಿ ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದು ಒಂದು ಬೆರಳಿನಿಂದ ತಟ್ಟತೊಡಗಿದಳು.

"ಇಲ್ಲಿ ಗಂಟೆ ಬರ್ತಿದೆ" ಎಂದಳು. "ಪುಟ್ಟದು. ಪೂಜೆ ಗಂಟೆಗಿಂತ ಚಿಕ್ಕದು."

ನಾನು ತಬಲದ ಜೊತೆ ಎಣಿಸಿದೆ. ಅವಳ ಬೆರಳು ಪ್ರತಿ ಸಲವೂ ತಪ್ಪಿ ಬೀಳುತ್ತಿತ್ತು.

"ತಾಳ ಎಲ್ಲಿದೆ, ನೀನೆಲ್ಲಿ ತಟ್ತಿದೀಯೇ? ಇಷ್ಟು ವರ್ಷ ಕೇಳಿದ್ದೇನು?"

"ಇಲ್ಲ ಅತ್ತಿಗೆ. ಗಂಟೆ ತಾಳಕ್ಕೆ ಬರ್ತಿಲ್ಲ. ಒಂಚೂರು ತಡವಾಗಿ ಬರ್ತಿದೆ. ಬೇಕಂತ್ಲೇ ಹಾಗ್ ಮಾಡಿದಾರೆ."

ಹಾಗೆ ಯಾರೂ ಮಾಡುವುದಿಲ್ಲ ಎಂದು ಬಾಯಿಗೆ ಬಂದಿತ್ತು. ಅವಳ ತುದಿಯನ್ನು ತೆಗೆದು ನನ್ನ ಎಡಗಿವಿಗೆ ಇಟ್ಟು ನೋಡಿದ್ದರೆ ಅವಳು ಹೇಳಿದ್ದು ನಿಜವೋ ಸುಳ್ಳೋ ಎಂದು ಆ ಕ್ಷಣಕ್ಕೇ ತಿಳಿಯುತ್ತಿತ್ತು. ಕೈ ಅವಳ ಕಿವಿಯವರೆಗೆ ಹೋಯಿತು ಕೂಡ. ಆಮೇಲೆ ಇಳಿಸಿದೆ.

"ಸರಿ, ತಟ್ಟು" ಎಂದೆ.

ಅವಳು ತಟ್ಟುತ್ತಾ ಹೋದಳು. ನಾನು ಎಣಿಸುವುದನ್ನು ಬಿಟ್ಟೆ.